ಮತ್ತೆ ಕಿವಿನೋವು, ಮತ್ತೆ ಸಿರಪ್

ತುಮಕೂರಿನಿಂದ ಹೊರಟು ನಾಮದ ಚಿಲುಮೆ ದಾಟಿ ದೇವರಾಯನದುರ್ಗದ ತಿರುವುಗಳನ್ನು ಏರುವಾಗ ಕಿವಿ ಮೆಲ್ಲಗೆ ಕಟ್ಟಿಕೊಳ್ಳುತ್ತದೆ. ಉಗುಳು ನುಂಗಿದರೆ ಟಪ್ಪೆಂದು ಬಿಟ್ಟುಕೊಳ್ಳುತ್ತದೆ. ಊರಿರುವುದು ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿ, ಬೆಟ್ಟದ ನೆತ್ತಿ ಸುಮಾರು 1,200 ಮೀಟರಿನಲ್ಲಿ. ಅಷ್ಟು ಏರುವಷ್ಟರಲ್ಲಿ ಗಾಳಿಯ ಒತ್ತಡ ಶೇ 4ರಷ್ಟು ಇಳಿದಿರುತ್ತದೆ. ಕಿವಿತಮಟೆಯ ಹಿಂದೆ, ಮಧ್ಯಕಿವಿಯಲ್ಲಿರುವ ಗಾಳಿ ಅದಕ್ಕೆ ತಕ್ಕಂತೆ ಹೊರಬೀಳಬೇಕು. ಬೆಟ್ಟ ಇಳಿಯುವಾಗ ಹೊರಗಿನ ಗಾಳಿ ಮತ್ತೆ ಒಳಸೇರಬೇಕು. ಎರಡಕ್ಕೂ ಇರುವುದು ಒಂದೇ ದಾರಿ, ಮೂಗಿನ ಹಿಂಭಾಗದಿಂದ ಮಧ್ಯಕಿವಿಗೆ ಹೋಗುವ ಯುಸ್ಟೇಶಿಯನ್ ನಾಳ. ಒಳಸೇರುವುದು ಹೊರಬೀಳುವುದಕ್ಕಿಂತ ಕಷ್ಟ. ನರಸಿಂಹಸ್ವಾಮಿಯ ದರ್ಶನ ಮುಗಿಸಿ ಇಳಿಯುವ ಬಸ್ಸಿನಲ್ಲಿ ನೆಗಡಿಯಾದ ಕೂಸು ಇದ್ದಕ್ಕಿದ್ದಂತೆ ರಚ್ಚೆ ಹಿಡಿದರೆ, ದೃಷ್ಟಿಯಾಯಿತೇನೋ ಎನ್ನುವ ಮೊದಲು ಈ ನಾಳವನ್ನು ನೆನೆಯಬೇಕು. ಹಾಲು ಕುಡಿಸಿದರೆ ಬಹಳ ಸಲ ಸುಮ್ಮನಾಗುತ್ತದೆ, ಏಕೆಂದರೆ ನುಂಗಿದಾಗಲೆಲ್ಲ ನಾಳ ತೆರೆದುಕೊಳ್ಳುತ್ತದೆ.

ಮಕ್ಕಳಿಗೆ ಪದೇ ಪದೇ ಕಿವಿನೋವು ಬರುವುದರ ಮೂಲವೂ ಇದೇ ನಾಳ. ದೊಡ್ಡವರಲ್ಲಿ ಅದು ಸುಮಾರು 45 ಡಿಗ್ರಿ ಓರೆಯಾಗಿ ಮೂಗಿನ ಕಡೆಗೆ ಇಳಿದಿದೆ. ಕೂಸಿನಲ್ಲಿ ಆ ಓರೆ 10 ಡಿಗ್ರಿಯಷ್ಟೇ, ಉದ್ದವೂ ಕಡಿಮೆ. ವಾಟವಿಲ್ಲದ ಮೋರಿಯಲ್ಲಿ ನೀರು ನಿಲ್ಲುವಂತೆ ಮಧ್ಯಕಿವಿಯ ದ್ರವ ಅಲ್ಲೇ ನಿಲ್ಲುತ್ತದೆ. ನೆಗಡಿಯಾದಾಗ ನಾಳದ ಒಳಪದರ ಊದಿ ದಾರಿ ಮುಚ್ಚುತ್ತದೆ, ಮೂಗಿನ ಹಿಂದೆ ಮನೆ ಮಾಡಿಕೊಂಡಿರುವ ಬ್ಯಾಕ್ಟೀರಿಯಾ ಆ ದ್ರವಕ್ಕೆ ಇಳಿಯುತ್ತವೆ. ಮುಖ್ಯವಾದವು ಮೂರು: ನ್ಯೂಮೊಕಾಕಸ್, ಹೀಮೋಫಿಲಸ್ ಇನ್‌ಫ್ಲುಯೆಂಜೆ, ಮೊರಾಕ್ಸೆಲ್ಲ. ಕೀವು ತುಂಬಿ ಕಿವಿತಮಟೆ ಹೊರಕ್ಕೆ ಉಬ್ಬುತ್ತದೆ. ಮಲಗಿಸಿದರೆ ನೋವು ಹೆಚ್ಚು; ಹಾಗಾಗಿಯೇ ಈ ನೋವು ನಡುರಾತ್ರಿಯಲ್ಲಿ ಮನೆಮಂದಿಯನ್ನೆಲ್ಲ ಎಬ್ಬಿಸುವುದು. ಕೆಲವೊಮ್ಮೆ ತಮಟೆ ಒಡೆದು ಕೀವು ಹೊರಬರುತ್ತದೆ, ನೋವು ಹಠಾತ್ತನೆ ಇಳಿಯುತ್ತದೆ, ಮಗು ನಿದ್ದೆ ಹೋಗುತ್ತದೆ. ಬೆಳಗ್ಗೆ ದಿಂಬಿನ ಮೇಲೆ ಕಲೆ ಕಂಡಾಗ ತಾಯಿಗೆ ಗಾಬರಿ. ಸಾಮಾನ್ಯವಾಗಿ ಆ ತೂತು ಕೆಲವು ದಿನ, ವಾರಗಳಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಆರು ತಿಂಗಳಿನಿಂದ ಎರಡು ವರ್ಷದವರೆಗಿನ ಮಕ್ಕಳಲ್ಲಿ ಇದರ ಹಾವಳಿ ಅತಿ ಹೆಚ್ಚು. ಆರೇಳು ವರ್ಷವಾಗುವ ಹೊತ್ತಿಗೆ ತಲೆ ಬೆಳೆದು ನಾಳ ಉದ್ದವಾಗಿ, ಓರೆಯಾಗಿ, ಹೆಚ್ಚಿನ ಮಕ್ಕಳು ಈ ಕಾಟದಿಂದ ಪಾರಾಗುತ್ತಾರೆ.

ಆ ಆರೇಳು ವರ್ಷಗಳಲ್ಲಿ ಮಗುವಿನ ಹೊಟ್ಟೆಗೆ ಎಷ್ಟು ಬಾಟಲಿ ಆ್ಯಂಟಿಬಯಾಟಿಕ್ ಹೋಗಬೇಕು ಎಂಬುದೇ ಪ್ರಶ್ನೆ.

ಹೊರದೇಶಗಳಲ್ಲಿ ಸಾವಿರಾರು ಮಕ್ಕಳ ಮೇಲೆ ನಡೆದ ಪರೀಕ್ಷೆಗಳನ್ನು ಒಟ್ಟುಹಾಕಿ 2015ರಲ್ಲಿ ಕಾಕ್ರೇನ್ ಸಮೀಕ್ಷೆ ಕಂಡುಕೊಂಡದ್ದು ಹೀಗಿದೆ. ಔಷಧಿ ಕೊಟ್ಟರೂ ಕೊಡದಿದ್ದರೂ ನೂರರಲ್ಲಿ ಅರವತ್ತು ಮಕ್ಕಳ ನೋವು 24 ಗಂಟೆಯಲ್ಲಿ ಇಳಿದಿರುತ್ತದೆ. ಎರಡು ಮೂರು ದಿನದ ಹೊತ್ತಿಗೆ, ಇಪ್ಪತ್ತು ಮಕ್ಕಳಿಗೆ ಆ್ಯಂಟಿಬಯಾಟಿಕ್ ಕೊಟ್ಟರೆ ಒಬ್ಬರಿಗೆ ಅದರಿಂದಲೇ ನೋವು ತಪ್ಪುತ್ತದೆ. ಹದಿನಾಲ್ಕು ಮಕ್ಕಳಿಗೆ ಕೊಟ್ಟರೆ ಒಬ್ಬರಿಗೆ ಅದರಿಂದಲೇ ಭೇದಿಯೋ ವಾಂತಿಯೋ ಮೈಮೇಲೆ ಗಂಧೆಯೋ ಆಗುತ್ತದೆ. ಔಷಧಿಯ ಪ್ರಯೋಜನ ನಿಚ್ಚಳವಾಗಿ ಕಾಣುವುದು ಎರಡು ವರ್ಷದೊಳಗಿದ್ದು ಎರಡೂ ಕಿವಿಗೆ ಸೋಂಕು ತಗಲಿದ ಮಕ್ಕಳಲ್ಲಿ ಮತ್ತು ಕಿವಿಯಿಂದ ಕೀವು ಬಂದ ಮಕ್ಕಳಲ್ಲಿ. ಉಳಿದವರಿಗೆ ನೋವಿಗೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಕೊಟ್ಟು, 48ರಿಂದ 72 ಗಂಟೆ ಕಾದು, ಇಳಿಯದಿದ್ದರೆ ಮಾತ್ರ ಆ್ಯಂಟಿಬಯಾಟಿಕ್ ಶುರುಮಾಡುವ, ಮೊದಲೇ ಇದ್ದ ಪದ್ಧತಿಯನ್ನು ಈ ಲೆಕ್ಕ ಎತ್ತಿಹಿಡಿಯುತ್ತದೆ. ನೆದರ್ಲೆಂಡ್ಸ್‌ನ ವೈದ್ಯರು ಇದನ್ನು ಮೊದಲು ರೂಢಿಗೆ ತಂದರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2013ರ ಮಾರ್ಗಸೂಚಿಯಲ್ಲಿ ಅದನ್ನು ಆಯ್ದ ಮಕ್ಕಳಿಗೆ ಒಪ್ಪಿಕೊಂಡಿತು.

ಈ ಕಾಯುವಿಕೆಗೆ ಬೆಲೆಯಿಲ್ಲವೆಂದಲ್ಲ. ಕಿವಿಯ ಹಿಂದಿನ ಎಲುಬಿಗೆ ಸೋಂಕು ಹಬ್ಬುವ ಮಾಸ್ಟಾಯ್ಡೈಟಿಸ್, ಔಷಧಿ ಕಡಿಮೆ ಬರೆಯುವ ದೇಶಗಳಲ್ಲಿ ತುಸು ಹೆಚ್ಚು ಕಂಡಿದೆ. ವರ್ಷಕ್ಕೆ ಲಕ್ಷ ಮಕ್ಕಳಲ್ಲಿ ಬೇರೆಡೆ ಒಬ್ಬಿಬ್ಬರಿಗೆ ಬಂದರೆ ಅಲ್ಲಿ ನಾಲ್ವರಿಗೆ. ಆ ನಾಲ್ವರನ್ನೂ ಅವರು ಹೊತ್ತಿಗೆ ಸರಿಯಾಗಿ ಹಿಡಿಯಬಲ್ಲರು, ಏಕೆಂದರೆ ಮಗುವಿಗೆ ಹುಷಾರು ತಪ್ಪಿದರೆ ಮರುದಿನವೇ ಅದೇ ವೈದ್ಯರ ಬಳಿ ಹೋಗುವ ವ್ಯವಸ್ಥೆ ಅಲ್ಲಿದೆ.

ಈ ಸಲಹೆಯನ್ನು ಗುಬ್ಬಿ ಅಥವಾ ಕುಣಿಗಲ್ ತಾಲ್ಲೂಕಿನ ಹಳ್ಳಿಗೆ ತಂದು ನೋಡಿ. ತಾಯಿ ಒಂದು ದಿನದ ಕೂಲಿ ಬಿಟ್ಟು, ಮಗುವನ್ನು ಎತ್ತಿಕೊಂಡು ಬಸ್ಸು ಹಿಡಿದು ಬಂದಿರುತ್ತಾಳೆ. ‘ಎರಡು ದಿನ ನೋಡೋಣ, ಆಮೇಲೆ ಬಾಮ್ಮ’ ಎಂದರೆ ಇನ್ನೊಂದು ದಿನದ ಕೂಲಿ ಹೋಯಿತು. ಆ ಎರಡು ದಿನದಲ್ಲಿ ಒಂದು ಭಾನುವಾರ, ಇನ್ನೊಂದು ಹಬ್ಬ. ಬರಿಗೈಯಲ್ಲಿ ಕಳಿಸಿದ ಡಾಕ್ಟರಿಗೆ ಏನೂ ಗೊತ್ತಿಲ್ಲವೆಂದು ಮನೆಯವರು ಬೇರೆ ಕಡೆ ಹೋಗುವುದೂ ಉಂಟು. ನಮ್ಮ ಸರ್ಕಾರಿ ವ್ಯವಸ್ಥೆಯ ಮಕ್ಕಳ ಚಿಕಿತ್ಸಾ ಕೈಪಿಡಿ, ಐಎಂಎನ್‌ಸಿಐ, ಇದನ್ನು ಅರಿತೇ ಬರೆದದ್ದು. ಕಿವಿನೋವಿದ್ದರೆ, ಇಲ್ಲವೇ 14 ದಿನಕ್ಕಿಂತ ಕಡಿಮೆ ಅವಧಿಯಿಂದ ಕಿವಿ ಸೋರುತ್ತಿದ್ದರೆ, ಐದು ದಿನ ಆ್ಯಂಟಿಬಯಾಟಿಕ್ ಕೊಡಿ ಎನ್ನುತ್ತದೆ ಅದು. ಕಾಯಿರಿ ಎನ್ನುವುದಿಲ್ಲ. ನನಗೆ ಅದು ಸರಿಯೆನಿಸುತ್ತದೆ. ಮರಳಿ ಬರುವ ದಾರಿ ಖಚಿತವಿಲ್ಲದ ಕಡೆ ಎರಡು ವರ್ಷದೊಳಗಿನ ಮಗುವನ್ನು ಕಾಯಿಸುವುದು ಅಪಾಯ. ಆದರೆ ತುಮಕೂರು ನಗರದಲ್ಲಿ ಕ್ಲಿನಿಕ್ಕಿನಿಂದ ಎರಡು ರಸ್ತೆ ಆಚೆ ಮನೆಯಿದ್ದು, ಫೋನು ಮಾಡಿದರೆ ಡಾಕ್ಟರು ಸಿಗುವ, ಗಟ್ಟಿಮುಟ್ಟಾದ ನಾಲ್ಕು ವರ್ಷದ ಮಗುವಿಗೆ ಸೌಮ್ಯವಾದ ಕಿವಿನೋವು ಬಂದರೆ ಕಾಯಬಹುದು, ಕಾಯಬೇಕು. ವಿಷಾದವೆಂದರೆ ನಮ್ಮಲ್ಲಿ ಇದು ತಲೆಕೆಳಗಾಗಿದೆ. ಕಾಯಬಲ್ಲ ಮನೆಗಳು ಮೊದಲ ರಾತ್ರಿಯೇ ‘ಸ್ವಲ್ಪ ಸ್ಟ್ರಾಂಗ್ ಆಗಿರೋದು ಬರೀರಿ’ ಎನ್ನುತ್ತವೆ. ಔಷಧಿ ನಿಜಕ್ಕೂ ಬೇಕಾದ ಮಗುವಿಗೆ ಅರ್ಧ ಬಾಟಲಿ ಸಿಗುತ್ತದೆ.

ಆ ಅರ್ಧ ಬಾಟಲಿಯ ಲೆಕ್ಕ ನೋಡೋಣ. ಕಿವಿ ಸೋಂಕಿಗೆ ಮೊದಲ ಔಷಧಿ ಇವತ್ತಿಗೂ ಹಳೆಯ ಅಮಾಕ್ಸಿಸಿಲಿನ್. ಮಾರ್ಗಸೂಚಿಗಳು ಹೇಳುವ ಪ್ರಮಾಣ ದಿನಕ್ಕೆ ಕೆಜಿ ತೂಕಕ್ಕೆ ಸುಮಾರು 80 ಮಿಲಿಗ್ರಾಂ, ಎರಡು ಹೊತ್ತಿಗೆ ಹಂಚಿ. ಹತ್ತು ಕೆಜಿ ಮಗುವಿಗೆ ದಿನಕ್ಕೆ 800 ಮಿಲಿಗ್ರಾಂ ಆಯಿತು. ಐದು ಎಂಎಲ್‌ಗೆ 125 ಮಿಲಿಗ್ರಾಂ ಇರುವ 30 ಎಂಎಲ್ ಡ್ರೈ ಸಿರಪ್ ಬಾಟಲಿಯಲ್ಲಿ ಒಟ್ಟು ಇರುವುದೇ 750 ಮಿಲಿಗ್ರಾಂ. ಅಂದರೆ ಆ ಬಾಟಲಿ ಒಂದು ದಿನಕ್ಕೂ ಸಾಲದು. ಅದನ್ನೇ ಐದು ದಿನಕ್ಕೆ ಎಳೆದರೆ ಮಗುವಿಗೆ ಸಿಗುವುದು ಬೇಕಾದ್ದರ ಐದನೇ ಒಂದು ಪಾಲಿಗಿಂತ ಕಡಿಮೆ. ಬ್ಯಾಕ್ಟೀರಿಯಾ ಸಾಯುವುದಿಲ್ಲ, ಔಷಧಿಯನ್ನು ಎದುರಿಸಲು ಕಲಿಯುತ್ತವೆ. ವಾರ ಕಳೆದು ನೋವು ಮರುಕಳಿಸಿದಾಗ ‘ಅಮಾಕ್ಸಿಸಿಲಿನ್ ಈ ಮಗುವಿಗೆ ಹಿಡಿಯಲ್ಲ’ ಎಂಬ ತೀರ್ಮಾನ ಬೇರೆ. ಡೋಸಿನ ತಪ್ಪು ಔಷಧಿಯ ತಲೆಗೆ ಬಂತು. ಮನೆಯಲ್ಲೂ ಎಡವುವುದುಂಟು. ಪುಡಿಗೆ ಗೆರೆಯವರೆಗೆ ಕಾಯಿಸಿ ಆರಿಸಿದ ನೀರು ಹಾಕಬೇಕು, ಪ್ರತಿಸಲ ಅಲುಗಿಸಿಯೇ ಕೊಡಬೇಕು. ಕಲಸಿದ ಸಿರಪ್‌ನ ಆಯಸ್ಸು ಸಾಮಾನ್ಯವಾಗಿ ಒಂದೇ ವಾರ. ಕ್ಲಾವುಲನೇಟ್ ಬೆರೆತ ಸಿರಪ್ಪಾದರೆ ಫ್ರಿಜ್ಜಿನಲ್ಲೇ ಇಡಬೇಕು. ಫ್ರಿಜ್ ಇಲ್ಲದ ಮನೆಗೆ ಅದನ್ನು ಬರೆಯುವ ಮುನ್ನ ಡಾಕ್ಟರು ಒಂದು ಮಾತು ಕೇಳಬೇಕು, ಕೇಳದಿದ್ದರೆ ನಾವೇ ಹೇಳಬೇಕು. ಹೋದ ತಿಂಗಳು ಉಳಿದದ್ದನ್ನು ಈ ತಿಂಗಳು ತಮ್ಮನಿಗೆ ಕುಡಿಸುವುದಂತೂ ಬೇಡವೇ ಬೇಡ.

ಅಮಾಕ್ಸಿಸಿಲಿನ್ ‘ಹಿಡಿಯದ’ ಮಗುವಿಗೆ ಮುಂದಿನ ಮೆಟ್ಟಿಲಾಗಿ ಸೆಫಿಕ್ಸಿಮ್ ಅಥವಾ ಅಜಿತ್ರೋಮೈಸಿನ್ ಬರುತ್ತದೆ. ಹೆಸರು ದೊಡ್ಡದು, ಬೆಲೆಯೂ ಹೆಚ್ಚು. ಆದರೆ ಕಿವಿಯ ಮುಖ್ಯ ಶತ್ರು ನ್ಯೂಮೊಕಾಕಸ್ ಪೆನ್ಸಿಲಿನ್‌ಗೆ ಸ್ವಲ್ಪ ಬಗ್ಗದಂತಾಗಿದ್ದರೆ ಸೆಫಿಕ್ಸಿಮ್ ಅದರ ಮೇಲೆ ಬಲಹೀನ. ಸರಿಯಾದ ಪ್ರಮಾಣದ ಅಮಾಕ್ಸಿಸಿಲಿನ್ನೇ ಅದಕ್ಕಿಂತ ಮೇಲು. ಮಧ್ಯಕಿವಿಯ ಹೀಮೋಫಿಲಸ್ ಮೇಲೆ ಅಜಿತ್ರೋಮೈಸಿನ್ ಆಟ ಹೆಚ್ಚು ನಡೆಯದು. ಸೆಫಿಕ್ಸಿಮ್, ಸೆಫ್‌ಪೊಡಾಕ್ಸಿಮ್‌ನಂಥ ಔಷಧಿಗಳನ್ನು ಕೇಂದ್ರ ಸರ್ಕಾರ 2013ರಲ್ಲಿ ಶೆಡ್ಯೂಲ್ ಎಚ್1 ಎಂಬ ಬಿಗಿ ಪಟ್ಟಿಗೆ ಸೇರಿಸಿತು; 2014ರ ಮಾರ್ಚ್ 1ರಿಂದ ಅದು ಜಾರಿಯಲ್ಲಿದೆ. ಚೀಟಿಯಿಲ್ಲದೆ ಕೊಡುವಂತಿಲ್ಲ, ಯಾರು ಬರೆದರು, ಯಾರಿಗೆ ಕೊಟ್ಟೆ ಎಂದು ಮೆಡಿಕಲ್ ಸ್ಟೋರಿನವರು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಹಳೆಯ ಚೀಟಿ, ಇಲ್ಲವೇ ಹಳೆಯ ಖಾಲಿ ಬಾಟಲಿ ತೋರಿಸಿ ‘ಇದೇ ಕೊಡಿ’ ಎನ್ನುವ ನಾವೂ ಆ ನಿಯಮ ಮುರಿಯುವುದರಲ್ಲಿ ಪಾಲುದಾರರು.

ಇನ್ನು ಮರುಕಳಿಸುವುದರ ಮಾತು. ಆರು ತಿಂಗಳಲ್ಲಿ ಮೂರು ಸಲ, ಅಥವಾ ವರ್ಷದಲ್ಲಿ ನಾಲ್ಕು ಸಲ ಬಂದು ಅದರಲ್ಲಿ ಒಂದಾದರೂ ಈಚಿನ ಆರು ತಿಂಗಳಲ್ಲಾಗಿದ್ದರೆ ವೈದ್ಯರು ಅದನ್ನು ಮರುಕಳಿಸುವ ಸೋಂಕು ಎನ್ನುತ್ತಾರೆ. ಹಿಂದೆ ಇದಕ್ಕೆ ಒಂದು ಉಪಾಯವಿತ್ತು: ರೋಗವಿಲ್ಲದಾಗಲೂ ತಿಂಗಳುಗಟ್ಟಲೆ ಸಣ್ಣ ಪ್ರಮಾಣದಲ್ಲಿ ಆ್ಯಂಟಿಬಯಾಟಿಕ್ ಕೊಡುತ್ತಾ ಹೋಗುವುದು. ಫಲವಿರಲಿಲ್ಲವೆಂದಲ್ಲ. ವರ್ಷಕ್ಕೆ ಸುಮಾರು ಮೂರು ಸಲ ಬರುವ ಮಗುವಿಗೆ ಅದು ಒಂದೂವರೆಗೆ ಇಳಿಯುತ್ತಿತ್ತು. ಒಂದೂವರೆ ನೋವು ತಪ್ಪಿಸಲು ವರ್ಷವಿಡೀ ಔಷಧಿ! ನಿಲ್ಲಿಸಿದೊಡನೆ ಪ್ರಯೋಜನವೂ ನಿಲ್ಲುತ್ತಿತ್ತು, ಮೂಗಿನಲ್ಲಿ ಉಳಿಯುತ್ತಿದ್ದುದು ಔಷಧಿಗೆ ಬಗ್ಗದ ತಳಿಗಳು. 2013ರ ಅಮೆರಿಕನ್ ಮಾರ್ಗಸೂಚಿ ಈ ಪದ್ಧತಿ ಬೇಡವೆಂದು ನೇರವಾಗಿ ಹೇಳಿತು.

ಹಾಗಾದರೆ ಆಪರೇಷನ್? ಕಿವಿತಮಟೆಯಲ್ಲಿ ಗ್ರೋಮೆಟ್ ಎಂಬ ಪುಟ್ಟ ಕೊಳವೆ ಕೂರಿಸಿ ಮಧ್ಯಕಿವಿಗೆ ಗಾಳಿಯಾಡುವಂತೆ ಮಾಡುವುದು 1954ರಿಂದ ಮತ್ತೆ ಬಳಕೆಗೆ ಬಂದ ಉಪಾಯ. 2021ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರೀಕ್ಷೆಯಲ್ಲಿ, ಸೋಂಕು ಮರುಕಳಿಸುವ 250 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಗ್ರೋಮೆಟ್ ಹಾಕಿದರು. ಉಳಿದವರಿಗೆ ನೋವು ಬಂದಾಗ ಮಾತ್ರ ಆ್ಯಂಟಿಬಯಾಟಿಕ್. ಎರಡು ವರ್ಷ ಗಮನಿಸಿದಾಗ ಕೊಳವೆ ಹಾಕಿದವರಿಗೆ ವರ್ಷಕ್ಕೆ ಸರಾಸರಿ 1.48 ಸಲ, ಹಾಕದವರಿಗೆ 1.56 ಸಲ ಸೋಂಕು. ವ್ಯತ್ಯಾಸವಿಲ್ಲವೆಂದೇ ಹೇಳಬೇಕು. ಎರಡೂ ಗುಂಪಿನಲ್ಲಿ ಎರಡನೇ ವರ್ಷ ಸೋಂಕು ಇಳಿಯಿತು. ಮಕ್ಕಳು ಬೆಳೆದಿದ್ದರು ಅಷ್ಟೆ. ಕಾಯಿಲೆ ಬಂದಾಗ ಸರಿಯಾಗಿ ನೋಡಿ, ಬೇಕಾದ ಔಷಧಿಯನ್ನು ಬೇಕಾದಷ್ಟು ಕೊಟ್ಟು, ನಡುವೆ ಮಗುವನ್ನು ಬೆಳೆಯಬಿಡುವುದು ಬಹಳಷ್ಟು ಮಕ್ಕಳಿಗೆ ಸಾಕು. ಗ್ರೋಮೆಟ್ಟಿನ ನಿಜವಾದ ಉಪಯೋಗ ಬೇರೆ ಕಡೆಯಿದೆ.

ಸೋಂಕು ಇಳಿದ ಮೇಲೂ ಮಧ್ಯಕಿವಿಯ ದ್ರವ ಕೂಡಲೇ ಬರಿದಾಗುವುದಿಲ್ಲ. ತಿಂಗಳಾದರೂ ನೂರರಲ್ಲಿ ನಲವತ್ತು ಮಕ್ಕಳಲ್ಲಿ ಅದಿರುತ್ತದೆ, ಮೂರು ತಿಂಗಳಿಗೂ ಹತ್ತು ಮಕ್ಕಳಲ್ಲಿ. ಜ್ವರವಿಲ್ಲ, ನೋವಿಲ್ಲ. ನೋಡಿದವರು ‘ಇನ್ನೂ ನೀರಿದೆ’ ಎಂದು ಮತ್ತೊಂದು ಕೋರ್ಸ್ ಬರೆದರೆ ಅದು ವ್ಯರ್ಥ, ಏಕೆಂದರೆ ಆ ನೀರು ಸಿರಪ್ಪಿಗೆ ಆರುವಂಥದ್ದಲ್ಲ. ಆದರೆ ಅದಿರುವಷ್ಟು ದಿನ ಮಗುವಿನ ಕಿವಿ ಸುಮಾರು 25 ಡೆಸಿಬಲ್ ಮಂದ. ಕರೆದರೆ ತಿರುಗದು, ಟಿವಿ ಸದ್ದು ಏರಿಸುತ್ತದೆ, ಅಂಗನವಾಡಿಯಲ್ಲಿ ಹಿಂದೆ ಕೂತು ಪಕ್ಕದವರನ್ನು ನೋಡಿ ಅನುಕರಿಸುತ್ತದೆ. ಮಾತು ಕಲಿಯುವ ವಯಸ್ಸಿನಲ್ಲಿ ‘ಹೇಳಿದ ಮಾತು ಕೇಳಲ್ಲ’ ಎಂದು ಬೈಸಿಕೊಳ್ಳುವ ಎಷ್ಟು ಮಕ್ಕಳು ನಿಜಕ್ಕೂ ಕೇಳಿಸದ ಮಕ್ಕಳೋ! ದ್ರವ ಮೂರು ತಿಂಗಳು ಮೀರಿ ಉಳಿದು ಕೇಳುವಿಕೆ ಕುಂದಿದ್ದರೆ ಆಗ ಗ್ರೋಮೆಟ್ಟಿನ ಮಾತೆತ್ತುವುದು ನ್ಯಾಯ.

ಈ ಎಲ್ಲ ನಿರ್ಧಾರಗಳೂ ಓಟೋಸ್ಕೋಪ್ ಎಂಬ ಕೈದೀಪದಿಂದ ಕಿವಿತಮಟೆಯನ್ನು ಕಣ್ಣಾರೆ ಕಂಡ ಮೇಲೆ ಆಗಬೇಕಾದವು. ಅತ್ತರೂ ತಮಟೆ ಕೆಂಪಾಗುತ್ತದೆ, ಜ್ವರ ಬಂದರೂ ಕೆಂಪಾಗುತ್ತದೆ. ಉಬ್ಬಿದೆಯೇ, ದ್ರವವಿದೆಯೇ, ತೂತಿದೆಯೇ ಎಂಬುದು ಮುಖ್ಯ. ಅದನ್ನು ನೋಡದೆ ಬರೆದ ಚೀಟಿ ಊಹೆಯ ಚೀಟಿ. ಪದೇ ಪದೇ ಕಿವಿನೋವು ಬರುವ ಮಗುವಿನ ತಂದೆತಾಯಿ ‘ಕಿವಿ ಒಳಗೆ ನೋಡಿದ್ರಾ ಸಾರ್, ಹೇಗಿದೆ?’ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಹಠಾತ್ ಸೋಂಕು, ನಿಂತ ದ್ರವ ಇವೆರಡೂ ಆದವು; ನಮ್ಮ ಕಡೆಯ ಮಕ್ಕಳನ್ನು ನಿಜಕ್ಕೂ ಕಿವುಡಾಗಿಸುವ ಕಾಯಿಲೆ ಮೂರನೆಯದು, ಸೋರುವ ಕಿವಿ. ಒಡೆದ ತಮಟೆ ಮುಚ್ಚದೆ ಎರಡು ವಾರಕ್ಕಿಂತ ಹೆಚ್ಚು ಕಾಲ ಕೀವು ಸುರಿಯುತ್ತಿದ್ದರೆ ಅದು ದೀರ್ಘಕಾಲದ ಸೋಂಕು. ಸುಶ್ರುತ ಸಂಹಿತೆಯಲ್ಲೂ ಕರ್ಣಸ್ರಾವ ಎಂಬ ಹೆಸರಿನಲ್ಲಿ ಕಿವಿ ಸೋರುವಿಕೆ ಇದೆ; ಅಷ್ಟು ಹಳೆಯದು. ವಿಶ್ವ ಆರೋಗ್ಯ ಸಂಸ್ಥೆಯ 2004ರ ವರದಿಯ ಪ್ರಕಾರ ಜಗತ್ತಿನಲ್ಲಿ ಆರೂವರೆ ಕೋಟಿಯಿಂದ 33 ಕೋಟಿ ಜನಕ್ಕೆ ಕಿವಿ ಸೋರುತ್ತದೆ, ಅವರಲ್ಲಿ ನೂರಕ್ಕೆ ಅರವತ್ತು ಮಂದಿಗೆ ಕೇಳುವಿಕೆ ಗಣನೀಯವಾಗಿ ಕುಂದಿರುತ್ತದೆ. ಇಲ್ಲಿ ಬ್ಯಾಕ್ಟೀರಿಯಾಗಳೇ ಬೇರೆ, ಸೂಡೊಮೊನಾಸ್ ಮತ್ತು ಸ್ಟೆಫೈಲೊಕಾಕಸ್. ಬಾಯಿಗೆ ಕೊಡುವ ಮಾಮೂಲಿ ಸಿರಪ್ ಇವುಗಳ ಮೇಲೆ ಬಹುಪಾಲು ನಿಷ್ಪ್ರಯೋಜಕ. ಬೇಕಾದ್ದು ಸಿಪ್ರೊಫ್ಲಾಕ್ಸಾಸಿನ್‌ನಂಥ ಔಷಧಿಯ ಹನಿ, ಎರಡು ವಾರ, ಅದೂ ಕಿವಿ ಒಣಗಿಸಿದ ಮೇಲೆ. ಶುಭ್ರವಾದ ಮೆತ್ತನೆಯ ಹತ್ತಿ ಬಟ್ಟೆಯನ್ನು ಬತ್ತಿಯಂತೆ ಹೊಸೆದು ಕಿವಿಯಲ್ಲಿಟ್ಟು, ಒದ್ದೆಯಾದಾಗ ತೆಗೆದು ಹೊಸದಿಟ್ಟು, ಬತ್ತಿ ಒಣಗಿಯೇ ಹೊರಬರುವವರೆಗೆ ಹೀಗೆ ದಿನಕ್ಕೆ ಮೂರು ನಾಲ್ಕು ಸಲ ಮಾಡಬೇಕು. ಕೀವಿನ ಮೇಲೆ ಹಾಕಿದ ಹನಿ ಹುಣ್ಣನ್ನು ಮುಟ್ಟುವುದಿಲ್ಲ. ಬೆಂಕಿಕಡ್ಡಿ, ಪಿನ್ನು, ಬಡ್ಸ್ ಯಾವುದೂ ಬೇಡ. ತಮಟೆಯಲ್ಲಿ ತೂತಿದ್ದಾಗ ಜೆಂಟಾಮೈಸಿನ್, ನಿಯೋಮೈಸಿನ್ ಬೆರೆತ ಹನಿ ಒಳಗಿವಿಗೆ ಹಾನಿ ಮಾಡಬಹುದು. ಹಾಗಾಗಿ ಪಕ್ಕದ ಮನೆಯ ಹನಿಬಾಟಲಿ ಎರವಲು ತರಬಾರದು.

ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಡುವುದು ನಮ್ಮ ಅಜ್ಜಿಯರ ಮದ್ದು. ಅದರ ಹಿಂದಿನ ಅಕ್ಕರೆಗೆ ನಾನು ಕೈಮುಗಿಯುತ್ತೇನೆ. ದೇವರಾಯನದುರ್ಗದ ಕಾಡಿನಲ್ಲಿ ಔಷಧಿ ಸಸ್ಯಗಳಿಗೆಂದೇ ಕಾಪಿಟ್ಟ ಪ್ರದೇಶವಿದೆ; ಸೊಪ್ಪಿನ ಗುಣ ಬಲ್ಲ ಜನ ನಮ್ಮವರು. ಆದರೂ ತೂತಾದ ತಮಟೆಗೆ ಎಣ್ಣೆಯಾಗಲಿ ಸೊಪ್ಪಿನ ರಸವಾಗಲಿ ಸಲ್ಲದು. ನಡುಗಿವಿಗೆ ಇಳಿದು ಕೆರಳಿಸುತ್ತದೆ, ತೇವ ಉಳಿದರೆ ಬೂಸ್ಟು ಹಿಡಿಯುತ್ತದೆ. ಕೆರೆ, ಬಾವಿಯಲ್ಲಿ ಮುಳುಗು ಹಾಕುವುದನ್ನೂ ಕಿವಿ ಒಣಗುವವರೆಗೆ ಬಿಡಬೇಕು. ಕಿವಿಯ ಹಿಂದೆ ಊದಿ ಮುಟ್ಟಿದರೆ ನೋಯುವುದು, ಮುಖ ಸೊಟ್ಟಗಾಗುವುದು, ತಲೆನೋವಿನ ಜೊತೆ ವಾಂತಿ, ಮಂಪರು ಬರುವುದು, ಕತ್ತು ಬಿಗಿಯುವುದು, ಇವುಗಳಲ್ಲಿ ಯಾವುದು ಕಂಡರೂ ಆ ದಿನವೇ ದೊಡ್ಡ ಆಸ್ಪತ್ರೆಗೆ ಓಡಬೇಕು. ಸೋಂಕು ಎಲುಬಿಗೋ ಮೆದುಳಿಗೋ ಹಬ್ಬಿರಬಹುದು. ಕೆಟ್ಟ ವಾಸನೆಯ ಕೀವು ಬಿಡದೆ ಬರುತ್ತಿದ್ದರೆ ಎಲುಬನ್ನು ತಿನ್ನುವ ಕೊಲೆಸ್ಟಿಯಾಟೋಮ ಇದೆಯೇ ಎಂದು ಇಎನ್‌ಟಿ ವೈದ್ಯರು ನೋಡಬೇಕು. ಅದಕ್ಕೆ ಆಪರೇಷನ್ನೇ ಮದ್ದು.

ಬಾರದಂತೆ ತಡೆಯುವ ದಾರಿಗಳಲ್ಲಿ ಎದೆಹಾಲೇ ಮೊದಲನೆಯದು. ಕೂಸನ್ನು ಕಾಲಮೇಲೆ ಅಂಗಾತ ಮಲಗಿಸಿ ಒಳಲೆಯಿಂದ ಹಾಲು ಹೊಯ್ಯುವುದು, ಮಲಗಿಸಿಯೇ ಬಾಟಲಿ ಬಾಯಿಗಿಡುವುದು ಬಿಡಬೇಕು. ಮಟ್ಟಸವಾದ ನಾಳದ ದೆಸೆಯಿಂದ ಹಾಲು ಕಿವಿಯತ್ತ ಹರಿಯಬಲ್ಲದು; ತಲೆ ಎತ್ತರಿಸಿ ಕುಡಿಸಿದರೆ ಸಾಕು. ಸೌದೆ ಒಲೆಯ ಹೊಗೆ, ಮನೆಯೊಳಗಿನ ಬೀಡಿ ಸಿಗರೇಟಿನ ಹೊಗೆ ನಾಳದ ಒಳಪದರವನ್ನು ಊದಿಸುತ್ತವೆ. ನ್ಯೂಮೊಕಾಕಸ್ ವಿರುದ್ಧದ ಪಿಸಿವಿ ಲಸಿಕೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭವಾಗಿ 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳು. ಸರ್ಕಾರಿ ಕೇಂದ್ರದಲ್ಲಿ ಪುಕ್ಕಟೆ. ನ್ಯುಮೋನಿಯ ತಡೆಯುವುದು ಇದರ ಮುಖ್ಯ ಕೆಲಸ. ಎಲ್ಲ ಕಿವಿ ಸೋಂಕುಗಳ ಲೆಕ್ಕದಲ್ಲಿ ಇದರ ಪಾಲು ಚಿಕ್ಕದು. ಫಿನ್ಲೆಂಡಿನ 2001ರ ಪರೀಕ್ಷೆಯಲ್ಲಿ ಒಟ್ಟು ಇಳಿಕೆ ಶೇ 6 ಮಾತ್ರ, ನ್ಯೂಮೊಕಾಕಸ್‌ನಿಂದ ಬಂದವುಗಳಲ್ಲಿ ಶೇ 34. ಹಾಗಿದ್ದೂ ಹಾಕಿಸಲೇಬೇಕು.

ನೆರವಿನ ಏರ್ಪಾಡುಗಳು ಕಾಗದದ ಮೇಲೆ ಕಡಿಮೆಯಿಲ್ಲ. 2007ರಲ್ಲಿ ಕಿವುಡುತನ ತಡೆಯ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಹೋಗಬೇಕು; ಅವರು ಹುಡುಕಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಮಧ್ಯಕಿವಿಯ ಸೋಂಕೂ ಇದೆ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ. ಆದರೆ ತಂಡ ಬಂದ ದಿನ ‘ಕಿವಿ ಸೋರೋದು ಮಾಮೂಲಿ, ದೊಡ್ಡವನಾದ್ಮೇಲೆ ಹೋಗುತ್ತೆ’ ಎಂದು ಮನೆಯವರು ಹೇಳದೆ ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ.

ಆದ್ದರಿಂದ ತಾಯಿ ಕಾರ್ಡಿನ ಕೊನೆಯ ಖಾಲಿ ಜಾಗದಲ್ಲಿ ಪ್ರತಿಸಲವೂ ನಾಲ್ಕು ವಿಷಯ ಬರೆದಿಡಿ: ಯಾವ ತಾರೀಕು, ಯಾವ ಕಿವಿ, ಸೋರಿತೇ ಇಲ್ಲವೇ, ಯಾವ ಔಷಧಿ ಎಷ್ಟು ಎಂಎಲ್ ಎಷ್ಟು ದಿನ ಕೊಟ್ಟಿರಿ. ಆರು ತಿಂಗಳಿಗೆ ಮೂರು ಎಂಬ ಲೆಕ್ಕವನ್ನು ವೈದ್ಯರು ನೆನಪಿನಿಂದ ಹಾಕಲಾರರು, ನೀವೂ ಹಾಕಲಾರಿರಿ. ಮೂರನೇ ಸಾಲು ಬರೆಯಬೇಕಾಗಿ ಬಂದ ದಿನ ಇನ್ನೊಂದು ಬಾಟಲಿಗೆ ನಿಲ್ಲದೆ, ಆ ಕಾರ್ಡು ಹಿಡಿದು ಜಿಲ್ಲಾ ಆಸ್ಪತ್ರೆಯ ಇಎನ್‌ಟಿ ವಿಭಾಗಕ್ಕೆ ಹೋಗಿ, ಮಗುವಿಗೆ ಎಷ್ಟು ಕೇಳಿಸುತ್ತದೆ ಎಂಬ ಪರೀಕ್ಷೆಯನ್ನೂ ಮಾಡಿಸಿಕೊಂಡು ಬನ್ನಿ.